ಪೆಟ್ರೋಲ್ ಮುಚ್ಚಳದ ಸಣ್ಣ ತೂತು

ನೀಲಾ, ನಮ್ಮ ಹಳೆಯ ಸ್ಕೂಟರನ್ನು ನಿನ್ನ ಕೈಯಲ್ಲಿ ಮತ್ತೆ ಮತ್ತೆ ನಿಲ್ಲಿಸಿದವನು ನಾನು. ನಿನ್ನ ಕೈಗುಣವಲ್ಲ, ಪ್ಲಗ್ ಅಲ್ಲ, ಕಾರ್ಬ್ಯುರೇಟರ್ ಅಲ್ಲ — ನಿನ್ನ ಗಂಡ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಎದುರು ಕೂತು ಹೇಳಬೇಕಾದ ಮಾತನ್ನು ಬರೆಯುತ್ತಿದ್ದೇನೆ. ಎದುರು ಕೂತಾಗಲೆಲ್ಲ ಬಾಯಿ — ಇರಲಿ.

ಪೆಟ್ರೋಲ್ ಟಾಕಿಯ ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿರುತ್ತದೆ. ಟಾಕಿ ಸೋರಿದರೆ ನಮ್ಮ ಕಡೆಯ ಡ್ರೈವರುಗಳು ಬಟ್ಟೆ ಸೋಪು ಮೆತ್ತುತ್ತಾರಲ್ಲ, ಪೆಟ್ರೋಲಿಗೆ ಅದು ಕರಗುವುದಿಲ್ಲ. ಆ ಸೋಪನ್ನೇ ನಾನು ಮುಚ್ಚಳದ ಒಳಮೈಗೆ, ಆ ತೂತಿಗೆ ಒತ್ತಿದೆ. ಗಾಡಿ ಚೆನ್ನಾಗಿಯೇ ಹೊರಡುತ್ತದೆ. ಸ್ವಲ್ಪ ದೂರ ಹೋದ ಮೇಲೆ ಟಾಕಿಯೊಳಗೆ ಗಾಳಿಯಿಲ್ಲದೆ ಪೆಟ್ರೋಲ್ ಕೆಳಗಿಳಿಯುವುದಿಲ್ಲ. ಕಾರ್ಬ್ಯುರೇಟರ್ ಒಣಗಿ ಇಂಜಿನ್ ಕೆಮ್ಮಿ ನಿಲ್ಲುತ್ತದೆ. ನಾನು ಗಾಡಿ ಓಡಿಸುವ ದಿನ ಸೂಜಿಯಿಂದ ಸೋಪು ತೆಗೆಯುತ್ತಿದ್ದೆ. ಹೌದು, ಅಷ್ಟು ವಿಚಾರ ಮಾಡಿಯೇ ಮಾಡಿದ್ದು.

ಸರಸಂಬಾದ ಅಂಗನವಾಡಿ ಕೆಲಸಕ್ಕೆ ಹೋಗಲು ನೀನು ಗಾಡಿ ಕಲಿತೆ — ನನಗಿಂತ ಬೇಗ ಕಲಿತೆ. ಒಂದು ದಿನ ನನ್ನನ್ನು ಆಳಂದ ಬಸ್ ನಿಲ್ದಾಣದ ಹತ್ತಿರ ಇಳಿಸಿ ಹೋದೆ. ಅಲ್ಲಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ ಗುರುಪಾದ ಎಲ್ಲರಿಗೂ ಕೇಳುವಂತೆ, “ಏನಪಾ, ಡ್ರೈವರಮ್ಮ ಇಳಿಸಿ ಹೋದಳೇನು? ಟಿಕೆಟ್ ತಗೊಂಡಿಯೋ ಇಲ್ಲೋ?” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವತ್ತೇ ಸಂಜೆ ಸೋಪು ಮೆತ್ತಿದೆ.

ನೀನಾದರೂ ಸುಮ್ಮನೆ ಕೈಬಿಟ್ಟೆಯಾ! ನಡುದಾರಿಯಲ್ಲಿ ಗಾಡಿ ವಾಲಿಸಿ ಕಿಕ್ ಹೊಡೆದೆ, ಪ್ಲಗ್ ಬಿಚ್ಚಿ ಉಸುಕಿನ ಕಾಗದದಿಂದ ಉಜ್ಜಿದೆ. ನಾನು ಬಂದು, ಪೆಟ್ರೋಲ್ ನೋಡುವವನ ಹಾಗೆ ಮುಚ್ಚಳ ತೆರೆದು ಮುಚ್ಚಿ, ಒಂದು ಕಿಕ್ ಹೊಡೆದರೆ ಚಾಲೂ. ಇಸ್ಮಾಯಿಲ್ ಮಿಸ್ತ್ರಿಯೂ ಹಾಗೆಯೇ — ಯಾವ ಮಿಸ್ತ್ರಿಯಾದರೂ ಮೊದಲು ಮುಚ್ಚಳ ತೆಗೆದು ಒಳಗೆ ಇಣುಕುತ್ತಾನೆ. ಗಾಳಿ ಹೊಕ್ಕರೆ ರೋಗವೇ ಮಾಯ. ಪಾಪ, ಅವನು ಕಾರ್ಬ್ಯುರೇಟರ್ ಪೂರ್ತಿ ಬಿಚ್ಚಿ, ಜೆಟ್ ಊದಿ, ಬಜಾರಿನಲ್ಲಿ ಒಂದು ಸುತ್ತು ಹೊಡೆದು ಬಂದ. “ಗಾಡ್ಯಾಗ ಏನೂ ಐಬ್ ಇಲ್ರಿ ಅಕ್ಕೋರ. ಕುದರಿ ಹಂಗ ಓಡ್ತದ.”

ಆಗ ನಾನು ಆ ಮಾತು ಆಡಿದೆ. “ಗಾಡಿ ಛಲೋ ಅದ. ನಿನ್ನ ಕೈಗುಣ ನೋಡ್ಕೊ.” ಮಿಸ್ತ್ರಿಯ ಮುಂದೆ, ಹೋಟೆಲಿನಿಂದ ಎದ್ದು ಬಂದು ನಿಂತಿದ್ದ ಗುರುಪಾದನ ಮುಂದೆ. ನೀನು ಕೀಲಿಕೈ ನನ್ನ ಕೈಗೆ ಕೊಟ್ಟೆ.

ಆಮೇಲೆ ನಿನಗೆ ಮೇಲ್ವಿಚಾರಕಿಯ ಕೆಲಸ ಬಂತು. ಹಿರೋಳ್ಳಿ ಕಡೆಯ ಊರುಗಳನ್ನು ತಿರುಗಬೇಕಿತ್ತು. “ನನ್ನ ಕೈಯಾಗ ಗಾಡಿ ನಡ್ಯಂಗಿಲ್ಲ, ಹೆಂಗ ತಿರಗಲಿ?” ಎಂದು ನೀನು ಬೇಡವೆಂದೆ. ನಾನು ಪಕ್ಕದಲ್ಲೇ ಇದ್ದೆ.

ನೀನು ಗಾಡಿ ಮುಟ್ಟುವುದನ್ನೇ ಬಿಟ್ಟಾಗ ನಾನು ಸೋಪು ತೆಗೆದು ಎಸೆದೆ. ಆಮೇಲೆ ಆ ಗಾಡಿಗೆ ನಿಜವಾದ ರೋಗ ಬಂತು. ಒಂದು ದಿನ ಕಾರ್ಬ್ಯುರೇಟರ್ ಉಕ್ಕುವುದು, ಇನ್ನೊಂದು ದಿನ ಪ್ಲಗ್ ಕರಿ ಹಿಡಿಯುವುದು! ಅಫಜಲಪುರದ ದಾರಿಯಲ್ಲಿ, ಸುಡುವ ಬಿಸಿಲಿನಲ್ಲಿ ನಾನು ಕಿಕ್ ಹೊಡೆದು ಹೊಡೆದು ಕಾಲು ಸೋತು ಬೈಯುತ್ತಿದ್ದರೆ, ನೀನು ದೂರದ ಬೇವಿನ ಗಿಡದ ಕೆಳಗೆ ಹೋಗಿ ನಿಲ್ಲುತ್ತಿದ್ದೆ. “ನಾ ಇಲ್ಲೇ ನಿಂದರ್ತೇನ್ರಿ. ನಾ ಹತ್ರ ಬಂದ್ರ ಚಾಲೂ ಆಗಂಗಿಲ್ಲ.” ಸಿಟ್ಟು ನೆತ್ತಿಗೇರುತ್ತಿತ್ತು. ಗಾಡಿಯ ಮೇಲೆ ಎಂದುಕೊಂಡಿದ್ದೆ.

ಮೊನ್ನೆ ಸೊಸೆ ಸುಜಾತಾಳ ಸ್ಕೂಟರ್ ಅಂಗಳದಲ್ಲಿ ಚಾಲೂ ಆಗಲಿಲ್ಲ. ಹ್ಯಾಂಡಲ್ ಹಿಡಿಯಿರಿ ಎಂದು ನಿನ್ನನ್ನು ಕರೆದಳು. ನೀನು ಎರಡೂ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. “ನಾ ಮುಟ್ಟಂಗಿಲ್ಲ ಬೇ. ನನ್ನ ಕೈ ಇಂಜಿನ್ನಿಗೆ ಆಗಿ ಬರಂಗಿಲ್ಲ.”

“ನಿಮ್ಮ ಕೈ ಹತ್ತಿದ್ರ ರೊಟ್ಟಿ ಉಬ್ಬತಾವ ಅತ್ತಿ, ಇಂಜಿನ್ನಿಗೇನ್ ಧಾಡಿ?”

ನೀವಿಬ್ಬರೂ ನಕ್ಕಿರಿ. ನಾನು ಕೂಗಿದೆ — “ಸಾಕ್ ಮಾಡ ನಿನ್ನ ಹುಚ್ಚ ಮಾತು!” ನೀನು ಬೆಚ್ಚಿಬಿದ್ದೆ. ನಾನೇ ನಂಬಿಸಿದ್ದನ್ನು ನೀನು ನಂಬಿದ್ದೀ ಎಂದು ನಿನ್ನ ಮೇಲೆಯೇ ಕೂಗಿದೆ. ಇದಕ್ಕಿಂತ ಕೆಳಗೆ ಮನುಷ್ಯ ಇಳಿಯುವುದೆಲ್ಲಿಗೆ?

ಕ್ಷಮಿಸು ಎಂದು ಬರೆದು ಹೊಡೆದು ಹಾಕಿದ್ದೇನೆ. ಅದನ್ನೂ ನಿನ್ನಿಂದಲೇ ಕೇಳಿ ತೆಗೆದುಕೊಳ್ಳುವ ಮುಖ ನನಗಿಲ್ಲ. ಈ ಹಾಳೆಯನ್ನು ನಿನಗೆ ಕೊಟ್ಟು, ನೀನು ಓದಿ ಮುಗಿಸುವವರೆಗೆ ಎದ್ದು ಹೋಗದೆ ಕೂರುತ್ತೇನೆ. ನೀನು ಬೈದರೂ, ಬೈಯದಿದ್ದರೂ, ಆಮೇಲೆ ಸುಜಾತಾಳ ಮುಂದೆ ಹೇಳುತ್ತೇನೆ. ಅವತ್ತು ನಕ್ಕವರಲ್ಲಿ ಗುರುಪಾದ ಇನ್ನೂ ಇದ್ದಾನೆ — ಅವನ ಮುಂದೆಯೂ, ನಿನಗೆ ಕೇಳುವ ಹಾಗೆ.