ಅಕ್ಕನ ಬಟ್ಟೆ ಚಪ್ಪರ ತೊಳೆದದ್ದು

ನಾವು ಅಷ್ಟೊಂದು ನಕ್ಕಿದ್ದು ಏಕೆಂದು ತಿಳಿಯಬೇಕಾದರೆ, ಅದಕ್ಕೆ ಮೊದಲು ನಡೆದದ್ದನ್ನು ನಡೆದ ಹಾಗೆಯೇ ಹೇಳಬೇಕು. ನಿಧಾನವಾಗಿ ಬರೆಯುತ್ತೇನೆ.

ಅಕ್ಕನ ಮನೆ ಕಂಪಲಾಪುರದ ಹತ್ತಿರ, ರಸ್ತೆಗೆ ಅಂಟಿಕೊಂಡಂತೆ ಇದೆ. ಮುಂಭಾಗದಲ್ಲೇ ಅವಳ ತಿಂಡಿ ಅಂಗಡಿ. ಮುಂಗೋಡೆಗೆ ಮರದ ಬಣ್ಣದ ಪ್ಲಾಸ್ಟಿಕ್ ಹಲಗೆಗಳನ್ನು ಹೊಡೆಸಿದ್ದಳು. ಅದರ ಮೇಲೆ ಬಿಸಿಲಿಗೆಂದು ಬಟ್ಟೆಯ ಚಪ್ಪರ. ಬೈಲಕುಪ್ಪೆಯ ಟಿಬೆಟಿನ ದರ್ಜಿಯೊಬ್ಬರು ಹೊಲಿದುಕೊಟ್ಟದ್ದು. ದಪ್ಪ ಬಿಳಿ ಬಟ್ಟೆ, ಅಂಚಿಗೆ ನೀಲಿ ಬಳ್ಳಿಯ ಹೊಲಿಗೆ, ಎರಡು ಪಕ್ಕಕ್ಕೂ ಇಳಿಬಿಡುವ ಪರದೆ. ಮಳೆಗಾಲ ಮುಗಿಯುವಷ್ಟರಲ್ಲಿ ಹಲಗೆಗೆ ಪಾಚಿ ಹತ್ತಿತ್ತು. ಭಾವ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡಿನ ಮಸಿ ಬಟ್ಟೆಯ ಮೇಲೆ ಕೂತಿತ್ತು.

ಅದೇ ಬ್ಯಾರನ್ನಿನ ಹೊಗೆ ಭಾವನ ಎದೆಯನ್ನೂ ಹಿಡಿದಿತ್ತು. ಇನ್ನು ಹೊಗೆಯೂ ಬೇಡ, ಘಾಟೂ ಬೇಡ, ಮತ್ತೊಮ್ಮೆ ಉಸಿರು ಕಟ್ಟಿದರೆ ಕಷ್ಟ ಎಂದು ಪಿರಿಯಾಪಟ್ಟಣದ ಡಾಕ್ಟರು ಹೇಳಿ ಕಳಿಸಿದ್ದರು. ಭಾವ ಬ್ಯಾರನ್ನನ್ನು ತಮ್ಮನಿಗೆ ಒಪ್ಪಿಸಿ ಮನೆಯಲ್ಲಿ ಕೂತಿದ್ದರು. ಸುಮ್ಮನೆ ಕೂರುವುದು ಅವರಿಗೆ ಬರುವುದಿಲ್ಲ. ಆ ಭಾನುವಾರ ನಾನು ಹೋದಾಗ ಗೋಡೆ, ಚಪ್ಪರ ಎರಡನ್ನೂ ತಾವೇ ತೊಳೆಯುವುದಾಗಿ ಹೊರಟಿದ್ದರು.

ಹೊಗೆಸೊಪ್ಪಿಗೆ ಔಷಧಿ ಹೊಡೆಯುವಾಗ ಆ ಕಡೆ ಎರಡು ಮೂರು ಬಗೆಯದನ್ನು ಒಂದೇ ಡ್ರಮ್ಮಿಗೆ ಸುರಿದು ಕೋಲಾಡಿಸುತ್ತಾರೆ. ಹುಳಕ್ಕೊಂದು, ಎಲೆಚುಕ್ಕೆಗೊಂದು. ಹೊಲವನ್ನು ಒಂದೇ ಸಲ ಸುತ್ತಿದರೆ ಸಾಕು. ಭಾವನ ಕೈ ಇದಕ್ಕೆ ಎಷ್ಟು ಪಳಗಿತ್ತೆಂದರೆ, ಅವರು ಗೋಡೆಯನ್ನೂ ಹೊಲದಂತೆಯೇ ನೋಡಿದ್ದರು.

ನಾನು ಒಳಗಿನಿಂದ ಪೊರಕೆ ತಂದಾಗ ಅವರು ಚಪ್ಪರದ ಕೆಳಗೆ ನಿಂತಿದ್ದರು. ದಾರಿಹೋಕರಿಗೆ ನೀರು ಸಿಡಿಯದಿರಲೆಂದು ಎರಡೂ ಪರದೆ ಇಳಿಬಿಟ್ಟಿದ್ದರು. ಡ್ರಮ್ಮಿನಲ್ಲಿ ಬ್ಲೀಚಿಂಗ್ ಪೌಡರ್ ಕದಡಿದ ಬಿಳಿ ನೀರು. ಭಾವನ ಕೈಯಲ್ಲಿ ಕಕ್ಕಸು ತೊಳೆಯುವ ಆ್ಯಸಿಡ್ಡಿನ ಬಾಟಲಿ, ಆಗಲೇ ಬಗ್ಗಿಸಿದ್ದರು.

“ಪಾಚಿಗೆ ಅದು, ಮಸಿಗೆ ಇದು. ಒಂದೇ ಏಟಿಗೆ ಎರಡೂ ಮುಗೀತದೆ ಕಣಮ್ಮಿ.”

ಮೊದಲು ಬುಸ್ಸೆಂದ ಸದ್ದು ಕೇಳಿತು. ಆಮೇಲೆ ಮೂಗಿಗೆ ಚುಚ್ಚಿದಂಥ ಘಾಟು. ಡ್ರಮ್ಮಿನ ಬಾಯಲ್ಲಿ ತೆಳುವಾದ ಹಳದಿ ಹೊಗೆ ಕಂಡಿತು. ನಾನು ಪೊರಕೆ ಬಿಟ್ಟು ಭಾವನ ಅಂಗಿಯನ್ನು ಹಿಂದಿನಿಂದ ಹಿಡಿದು ಎಳೆದೆ. ಅಕ್ಕ ಓಡಿ ಬಂದು ಅವರ ತೋಳು ಹಿಡಿದಳು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ, ರಸ್ತೆಯಾಚೆಗೆ ಅವರನ್ನು ದಾಟಿಸಿದೆವು. ಭಾವ ಕೆಮ್ಮುತ್ತಲೇ ಹಿಂದಕ್ಕೆ ತಿರುಗಿದರು.

“ಬುಡ್ರೇ, ಬಟ್ಟೆ ಸುಟ್ಟೋಯ್ತದೆ.”

“ಬಟ್ಟೆ ಮನೆ ಹಾಳಾಗ್ಲಿ. ಇಲ್ಲೇ ನಿಂತ್ಕಳಿ ನೀವು,” ಎಂದಳು ಅಕ್ಕ.

ಯಾರೂ ಆ ಕಡೆ ಹೋಗಬೇಡಿ ಎಂದು ಪಕ್ಕದ ಮನೆಯವರಿಗೆ ಹೇಳಿ ಪಿರಿಯಾಪಟ್ಟಣಕ್ಕೆ ಆಟೋ ಹತ್ತಿದೆವು. ದಾರಿಯುದ್ದಕ್ಕೂ ಅಕ್ಕ ಭಾವನ ಬೆನ್ನ ಮೇಲೆ ಅಂಗೈ ಇಟ್ಟುಕೊಂಡೇ ಇದ್ದಳು. ನಾನು ಅವರ ತುಟಿಯ ಬಣ್ಣವನ್ನೇ ನೋಡುತ್ತಿದ್ದೆ.

ಡಾಕ್ಟರು ಮೂಗಿಗೆ ಆಕ್ಸಿಜನ್ ಹಾಕಿಸಿದರು. ಕಣ್ಣು ತೊಳೆಸಿದರು. ಆಮೇಲೆ ಕೇಳಿದರು, “ಏನು ಕಲೆಸ್ತಿದ್ರಿ?”

“ಔಷ್ದಿ ಸಾರ್.”

“ಯಾವ ಬೆಳೆಗೆ?”

ಭಾವ ಸ್ವಲ್ಪ ಯೋಚಿಸಿ, “ಗೋಡೆಗೆ,” ಎಂದರು.

ಡಾಕ್ಟರು ನಗಲಿಲ್ಲ. ನಾವೂ ನಗಲಿಲ್ಲ. ಬ್ಲೀಚಿಂಗ್ ಪೌಡರಿಗೆ ಆ್ಯಸಿಡ್ ಬೆರೆಸಿದ್ದನ್ನು ನಾನು ಹೇಳಿದ ಮೇಲೆ, ಅದರಿಂದ ಏಳುವ ವಿಷಗಾಳಿ ತಡವಾಗಿಯೂ ಎದೆಗೆ ಇಳಿಯಬಹುದು ಎಂದು ಭಾವನನ್ನು ಸಂಜೆಯವರೆಗೆ ಮಲಗಿಸಿಕೊಂಡರು. ಹೊತ್ತು ಮುಳುಗುವಾಗ ಇನ್ನೊಮ್ಮೆ ಎದೆಗೂ ಬೆನ್ನಿಗೂ ಸ್ಟೆತೊಸ್ಕೋಪ್ ಇಟ್ಟು ಕೇಳಿ, “ಚೆನ್ನಾಗಿದೆ. ಕರ್ಕೊಂಡು ಹೋಗಿ. ಉಸಿರು ಬಿಗಿಯಾದ್ರೆ ತಕ್ಷಣ ಬನ್ನಿ,” ಎಂದರು.

ಆಟೋ ಊರು ದಾಟಿತು. ಆಮೇಲೆ ಅಕ್ಕ ಮೆಲ್ಲಗೆ ಕೇಳಿದಳು, “ಗೋಡೆಗೆ ಎಷ್ಟ್ ದಿನಕ್ಕೊಂದ್ಸಲ ಗೊಬ್ಬರ ಆಕ್ತೀರ?”

ಅಷ್ಟೇ. ನನಗೆ ನಗು ತಡೆಯಲಾಗಲಿಲ್ಲ. “ಈ ವರ್ಸ ಗೋಡೆ ಇಳುವರಿ ಎಂಗೆ ಬಾವ?” ಎಂದೆ. ಆಟೋದವನು ಬದಿಗೆ ನಿಲ್ಲಿಸಿ ತಾನೂ ನಕ್ಕ. ಅಕ್ಕ ನಗುತ್ತ ನಗುತ್ತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆ ನೀರು ಪೂರ್ತಿ ನಗುವಿನದೇ ಎಂದು ನಾನು ಹೇಳಲಾರೆ.

ಮಾರನೆಯ ಬೆಳಿಗ್ಗೆ ಘಾಟು ಇರಲಿಲ್ಲ. ಪರದೆಗಳನ್ನು ದೂರದಿಂದಲೇ ಕೋಲಿನಲ್ಲಿ ಎತ್ತಿ ಕಟ್ಟಿ, ಇನ್ನೂ ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟೆವು. ಡ್ರಮ್ಮಿಗೆ ಪೈಪಿನಲ್ಲಿ ಹೊರಗಿನಿಂದಲೇ ಬೇಕಾದಷ್ಟು ನೀರು ಬಿಟ್ಟೆವು. ನೀರು ತಗಲಿ ಶಾಕ್ ಹೊಡೆಯದಿರಲೆಂದು ಹೊರಗಿನ ದೀಪದ ಸ್ವಿಚ್ಚು ಆರಿಸಿದೆವು. ಹಲಗೆಗೆ ಬರೀ ಬಟ್ಟೆ ಸೋಪಿನ ಪುಡಿ, ನೀರು, ಮೆತ್ತನೆಯ ಬ್ರಷ್ಷು. ಕೆಳಗಿನಿಂದ ಮೇಲಕ್ಕೆ ಉಜ್ಜಿ, ಮೇಲಿನಿಂದ ಕೆಳಕ್ಕೆ ನೀರು ಬಿಟ್ಟಾಗ ಪಾಚಿ ಗೆರೆ ಬೀಳದೆ ಇಳಿದು ಹೋಯಿತು.

ಚಪ್ಪರವನ್ನು ಬಿಚ್ಚಿ ಅಂಗಳದಲ್ಲಿ ಹಾಸಿ, ಸೋಪಿನ ನೀರು ಸುರಿದು, ನಾನೂ ಅಕ್ಕನೂ ಸೀರೆ ಎತ್ತಿ ಕಟ್ಟಿ ತುಳಿಯಲು ನಿಂತೆವು. ದಪ್ಪ ಬಟ್ಟೆ ಕಾಲಡಿಯಲ್ಲಿ ಮೀನಿನಂತೆ ಜಾರುತ್ತಿತ್ತು. ನಾನು ಬೀಳುವಾಗ ಅಕ್ಕನನ್ನು ಹಿಡಿದೆ, ಅವಳು ನನ್ನ ಮೇಲೇ ಕೂತಳು. ನೊರೆ ಅವಳ ಕಿವಿಯೊಳಗೂ ಹೋಯಿತು. ಎದ್ದೆವು, ಮತ್ತೆ ಬಿದ್ದೆವು. ಮಸಿಯ ನೀರು ಕಪ್ಪಗೆ ಚರಂಡಿಗೆ ಹರಿದಷ್ಟೂ ನಮಗೆ ಹುಚ್ಚು ಹೆಚ್ಚಾಯಿತು.

ಭಾವನನ್ನು ರಸ್ತೆಯಾಚೆ ಕುರ್ಚಿ ಹಾಕಿ ಕೂರಿಸಿದ್ದೆವು. ಬೆಳಗಿನಿಂದ ಅವರು ಮಾತು ಕಡಿಮೆ ಮಾಡಿದ್ದರು. ಅಕ್ಕ ನಗುವಿನ ನಡುವೆಯೂ ಆಗಾಗ ಆ ಕಡೆ ನೋಡುತ್ತಿದ್ದಳು. ನಾವು ಮತ್ತೊಮ್ಮೆ ಜಾರಿ ನೀಲಿ ಅಂಚಿನ ಮೇಲೆ ಬಿದ್ದಾಗ ಅವರಿಗೆ ತಡೆಯಲಾಗಲಿಲ್ಲ.

“ಲೇ, ಆ ಅಂಚ ತುಳೀಬ್ಯಾಡ್ರೇ, ದಾರ ಕಿತ್ತೋಯ್ತದೆ, ಬಟ್ಟೆ ಒಗೀತಿದ್ದೀರೋ ಕುಣೀತಿದ್ದೀರೋ, ನನ್ನ ತಂದು ಬೀದೀಲಿ ಕೂರ್ಸಿ, ಓಗೋರು ಬರೋರೆಲ್ಲ ಯಾಕಣ್ಣ ಇಲ್ಲಿ ಕುಂತಿದ್ದೀಯ ಅಂತ ಕೇಳೋಂಗೆ ಮಾಡ್ಬುಟ್ಟು, ಈಗ ಆ ಚಿನ್ನದಂತ ಬಟ್ಟೇನೂ ಅರಿದಾಕಕ್ಕೆ ಒಂಟಿದ್ದೀರಲ್ರೇ.”

ನಡುವೆ ಎಲ್ಲೂ ಕೆಮ್ಮಲಿಲ್ಲ, ಎಲ್ಲೂ ಉಸಿರಿಗೆ ನಿಲ್ಲಲಿಲ್ಲ. ಅಕ್ಕ ನೊರೆಯಲ್ಲಿ ಕೂತಲ್ಲೇ ಕೊನೆಯ ಮಾತಿನವರೆಗೂ ಕೇಳಿದಳು.

“ಸರ್ಯಾಗಿ ಕೇಳ್ಸಿಲ್ಲ,” ಎಂದು ಕೂಗಿದಳು. “ಇನ್ನೊಂದ್ಸಲ ಬೈರಿ.”