ಎಮ್ಮೆಗಳು ಪೋರ್ಚಿಗೆ ಹೋದ ದಿನ

ಮೊನ್ನೆ ಗುತ್ತಿಗೆದಾರನೊಬ್ಬ ಬಂದು ನಮ್ಮ ಮನೆಯ ಮುಂಗೋಡೆಯನ್ನು ಕಬ್ಬಿಣದ ಸರಳಿನಿಂದ ಕೊಂಚ ಕೆದರಿ ನೋಡಿದ. ಮಣ್ಣು ಉದುರಿ, ಅದರಲ್ಲಿ ಕಲಸಿದ್ದ ಹಳೆಯ ಹುಲ್ಲಿನ ವಾಸನೆ ಮೂಗಿಗೆ ಬಂತು. ಅವನನ್ನು ಕರೆಸಿದ್ದವನು ನಾನೇ. ಹಾನಗಲ್ಲಿನ ಈ ಕಾಲನಿಯಲ್ಲಿ ಉಳಿದಿರುವ ಮಣ್ಣಿನ ಮನೆ ನಮ್ಮದೊಂದೇ. ಮುಂಭಾಗ ಕೆಡವಿ ಅಂಗಡಿ ಕಟ್ಟಿಸಿದರೆ ಮುಪ್ಪಿನ ಕಾಲ ಹಾಯಾಗಿ ಕಳೆದೀತೆಂಬ ಆಸೆ ನನ್ನದು.

ಎಪ್ಪತ್ತರ ದಶಕದಲ್ಲಿ ಇದು ಊರ ಹೊರಗಿನ ಹೊಲದ ಮನೆ. ಸುತ್ತಲೂ ಭತ್ತದ ಗದ್ದೆ. ಬರಬರುತ್ತ ಗದ್ದೆಗಳು ಪ್ಲಾಟುಗಳಾದವು, ಪ್ಲಾಟುಗಳಲ್ಲಿ ಆರ್‌ಸಿಸಿ ಮನೆಗಳೆದ್ದವು. ನಾವು ಕೂತಲ್ಲೇ ಪೇಟೆಯವರಾಗಿಬಿಟ್ಟೆವು. ಆದರೆ ನಮ್ಮ ಮನೆ ಹೊಕ್ಕ ಕೂಡಲೇ ಸಿಗುವುದು ದನದ ಅಂಕಣ. ಅದನ್ನು ದಾಟಿ ಮೆಟ್ಟಿಲೇರಿದರೆ ಪಡಸಾಲೆ. ಯಾವ ನೆಂಟರೇ ಬರಲಿ, ಮೊದಲು ಎಮ್ಮೆಗಳಿಗೆ ಮುಖ ತೋರಿಸಿಯೇ ಒಳಗೆ ಬರಬೇಕು. ನಿಮಗೆ ನಗು ಬರಬಹುದು, ಕಾಲೇಜಿನ ಗೆಳೆಯರನ್ನು ನಾನು ಹೊರಗಿನ ಕಟ್ಟೆಯಲ್ಲೇ ಮಾತಾಡಿಸಿ ಸಾಗಹಾಕುತ್ತಿದ್ದೆ.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ತಡಸದ ಕಡೆಯ ಪಾಟೀಲ ಮಾಸ್ತರರು ನಮ್ಮ ಎದುರಿಗೇ ಮನೆ ಕಟ್ಟಿಸಿದರು. ಮೊಸಾಯಿಕ್ ನೆಲ, ಕಾರಿಲ್ಲದ ಪೋರ್ಚು. ಸೆಗಣಿ ವಾಸನೆ ತಾಳಲಾರದೆ, ನಮ್ಮ ಮನೆ ತೆಗೆಸಬೇಕೆಂದು ಪುರಸಭೆಗೆ ಅರ್ಜಿ ಕೊಟ್ಟರು. ಅಪ್ಪ ಗಾಬರಿಯಾದ. ಮನೆಯ ಯಜಮಾನಿಕೆ ಮಾತ್ರ ಅವನ ಅಕ್ಕ, ನಮ್ಮ ನೀಲತ್ತೆಯದು. "ವಾಸನಿ ನಮಗೂ ಬರತೈತಿ, ಅವರ ಮನಿ ಬಣ್ಣದ್ದು. ನಾವೇನರ ಅಂದೇವೇನು?" ಎಂದು ಅವಳು ಹಾಲು ಹಿಂಡಲು ಹೋದಳು.

ಅದೇ ಬೇಸಿಗೆಯಲ್ಲಿ ಮಾಸ್ತರರ ಮಗಳ ಮದುವೆ. ಬೀಗರು ಅಬಲೂರಿನವರು. ಬೆಳಿಗ್ಗೆಯೇ ಅಡ್ಡಮಳೆ ಹೊಡೆದು ಬೀದಿಯಲ್ಲಿ ಹಾಕಿದ್ದ ಹಂದರ ನೆಲಕ್ಕೊರಗಿತು. ಮೊಸಾಯಿಕ್ ಮನೆ ಹೆಣ್ಣಿನ ಕಡೆಯವರಿಗೇ ಸಾಲದು. ಮಾಸ್ತರರು ತೊಯ್ದ ಧೋತರದಲ್ಲಿ ಬಂದು ನಮ್ಮ ತಲೆಬಾಗಿಲ ಮುಂದೆ ನಿಂತರು.

"ಯಾಕ ಮಳ್ಯಾಗ ನಿಂತ್ರಿ? ಒಳಗ ಬರ್ರಿ," ಎಂದಳು ನೀಲತ್ತೆ.

"ಯಾವ ಬಾಯೀಲೆ ಕೇಳ್ಲಿ, ಅಕ್ಕಾರ..."

"ಕೇಳೂದೇನೈತ್ರಿ. ಹುಡುಗೀನ ಕರಕೊಂಡು ಬರ್ರಿ. ದನ ಕಟ್ಟಾಕ ನಿಮ್ಮ ಪೋರ್ಚು ಖಾಲಿ ಐತಲ್ಲ."

ಎಮ್ಮೆಗಳನ್ನು ಹೊಡೆದುಕೊಂಡು ಹೋದವನು ನಾನು. ಮೊಸಾಯಿಕ್ ಮೇಲೆ ಅವು ಹೊಸ ಸೊಸೆಯರಂತೆ ಅಂಜುತ್ತ ಹೆಜ್ಜೆಯಿಟ್ಟವು. ನಿಂತ ಮೇಲೆ ಮಾತ್ರ ತವರಿಗೆ ಬಂದವರಂತೆ ನಿಶ್ಚಿಂತೆಯಿಂದ ಹಗುರಾದವು. ಇತ್ತ ಹೆಂಗಸರು ಅಂಕಣ ತೊಳೆದು, ಸಾರಿಸಿ, ರಂಗೋಲಿ ಹಾಕಿದರು. ಪಡಸಾಲೆಯಲ್ಲಿ ಅಕ್ಷತೆ ಬಿತ್ತು, ಅಂಕಣದಲ್ಲಿ ಪಂಕ್ತಿ ಕೂತಿತು. ಹೊರಗೆ ಮಳೆ ಸುರಿದೇ ಸುರಿಯಿತು. ಒಳಗೊಂದು ಹನಿ ಬೀಳಲಿಲ್ಲ.

ಊಟಕ್ಕೆ ಕೂತ ಗಂಡಿನ ಅಜ್ಜ ಕಂಬಕ್ಕೆ ಒರಗಿ, ತೊಲೆಗಳನ್ನು ನೋಡುತ್ತ ಕೇಳಿದ: "ಇಂಥಾ ಮನಿ ಈಗೆಲ್ಲಿ ಅದಾವ್ರಿ. ಇದು ನಿಮ್ದ ಏನ್ರಿ, ಮಾಸ್ತರ?"

ಸಾರು ಬಡಿಸುತ್ತಿದ್ದ ನಾನು ತಿರುಗಿ ನೋಡಿದೆ. ಮಾಸ್ತರರು ತಲೆ ತಗ್ಗಿಸಿದರು.

"ಹೌದ್ರಿ, ಅವರದ," ಎಂದಳು ನೀಲತ್ತೆ. "ಇನ್ನೊಂದೀಟು ಹುಗ್ಗಿ ಹಾಕಿಸ್ಕೋರಿ."

ಅರ್ಜಿಯನ್ನು ಮಾಸ್ತರರೇ ಹಿಂತೆಗೆದುಕೊಂಡರು. ಆಮೇಲೆ ಅವರ ಮನೆಗೆ ಯಾರೇ ಬಂದರೂ ನಮ್ಮ ಮನೆ ತೋರಿಸಲು ಕರೆತರುತ್ತಿದ್ದರು. ಗೋಡೆಯ ದಪ್ಪ, ಬಾಗಿಲ ಕೆತ್ತನೆ, ಬೇಸಿಗೆಯ ತಂಪು, ಎಲ್ಲವನ್ನೂ ತಾವೇ ಕಟ್ಟಿಸಿದವರಂತೆ ವರ್ಣಿಸುವರು. ಕೇಳಿ ಕೇಳಿ ನನಗೂ ಜಂಬ ಹತ್ತಿತು. ಗೆಳೆಯರನ್ನು ಒಳಗೆ ಕರೆಯತೊಡಗಿದೆ.

ಈಗ ನೀಲತ್ತೆಯೂ ಇಲ್ಲ, ಮಾಸ್ತರರೂ ಇಲ್ಲ. ಗುತ್ತಿಗೆದಾರ ನನ್ನ ಮುಖವನ್ನೇ ನೋಡುತ್ತ ನಿಂತಿದ್ದ.

"ಯಾವಾಗ ಕೆಡವೂದ್ರಿ?"

"ಕೆಡವೂದು ಬ್ಯಾಡಪ್ಪ," ಎಂದೆ. "ಆ ಮೂಲ್ಯಾಗ ಮಾಳಿಗಿ ಸೋರಾಕತ್ತೈತಿ. ಅದನ್ನಷ್ಟ ಸರಿ ಮಾಡಿಕೊಡು."