ಎಮ್ಮೆ ಕೂತ ಕೇಕು

ನನ್ನ ಮದುವೆಯಾದ ಮೊದಲ ಬೇಸಿಗೆಯಲ್ಲಿ ಮಗಳಿಗೆ ಏಳು ತುಂಬುವುದಿತ್ತು. ಮಗಳು ಎಂದು ಈಗ ಸಲೀಸಾಗಿ ಬರೆಯುತ್ತೇನೆ. ಆಗ ಅವಳು ನನ್ನ ಗಂಡನ ಮಗಳು. ಹೆತ್ತ ತಾಯಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನನ್ನನ್ನು ಆಂಟಿ ಎನ್ನುತ್ತಿದ್ದಳು. ಈಗಲೂ ಹಾಗೇ ಕರೆಯುತ್ತಾಳೆ, ಅದರಿಂದ ನಮ್ಮಿಬ್ಬರಿಗೂ ಏನೂ ಕಡಿಮೆಯಾಗಿಲ್ಲ.

ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಲ್ಲಿ ಒಂದು ಸಂಜೆ ತೊಗರಿಬೇಳೆ ಹಸನು ಮಾಡುತ್ತಾ ಕೂತಿದ್ದೆ. ಹುಟ್ಟುಹಬ್ಬಕ್ಕೆ ಎಂಥ ಕೇಕು ಬೇಕು ಎಂದು ಅವಳನ್ನು ಕೇಳಿದೆ.

"ಎಮ್ಮಿ ಕೇಕ್," ಅಂದಳು.

"ಏನು?"

"ಆಯಿ ಮನ್ಯಾಗಿನ ಎಮ್ಮಿ. ಹಣಿ ಮ್ಯಾಲ ಬಿಳಿ ಚುಕ್ಕಿ ಇರಬೇಕು. ಒಂದು ಕೋಡು ಕೆಳಗ ಬಾಗಿರಬೇಕು. ಇಲ್ಲಂದ್ರ ಅದು ನಮ್ಮ ಎಮ್ಮಿ ಅಲ್ಲ."

ಆಯಿ ಎಂದರೆ ಅವಳ ತಾಯಿಯ ತಾಯಿ. ಕಮಲಾಪುರದಲ್ಲಿರುತ್ತಾರೆ. ಪ್ರತಿ ವರ್ಷ ಮೊಮ್ಮಗಳ ಹುಟ್ಟುಹಬ್ಬ ಅಲ್ಲೇ ನಡೆಯುತ್ತಿತ್ತು. ಆಯಿ ಹೋಳಿಗೆ ಮಾಡಿ ಆರತಿ ಎತ್ತುತ್ತಿದ್ದರು. ನಾನು ಇನ್ನೂ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ನಮ್ಮ ಮದುವೆಗೆ ಅವರು ಬಂದಿದ್ದರು. ಹೊರಡುವಾಗ ನನ್ನ ಹತ್ತಿರ ನಿಂತು, "ಕೂಸು ರಾತ್ರಿ ಹಾಲು ಕುಡ್ಯಾಂಗಿಲ್ರಿ, ಬೆಳಿಗ್ಗಿ ಕುಡೀತದ್ರಿ. ಸ್ವಲ್ಪ ನೋಡ್ಕೋರಿ" ಎಂದಷ್ಟೇ ಹೇಳಿದ್ದರು. ಮಗಳ ವಯಸ್ಸಿನವಳಿಗೆ ಅಷ್ಟೊಂದು 'ರೀ' ಹಚ್ಚಿ ಮಾತಾಡುವುದರಲ್ಲಿ ಗೌರವವಿತ್ತು. ಆದರೆ ಆ ಗೌರವದ ಆಚೆ ನಿಂತೇ ಅವರು ಮಾತಾಡಿದ್ದರು.

ರಜೆಗೆ ಮುಂಚಿನ ಕೊನೆಯ ದಿನ ಕಾಲೇಜಿನಲ್ಲಿ ಪಾಠ ಮುಗಿಸಿ ಬರುವಾಗ ಶರಣಬಸವೇಶ್ವರ ಗುಡಿಯ ಹತ್ತಿರದ ಬೇಕರಿಗೆ ಹೋಗಿ ಕೇಳಿದೆ. ಗಲ್ಲಾಪೆಟ್ಟಿಗೆಯ ಹತ್ತಿರ ಕೂತವನು ಒಳಗಿನವನ ಕಡೆ ತಿರುಗಿ, "ಭೈಂಸ್ ಕಾ ಕೇಕ್ ಬೋಲ್ರೇ ಮೇಡಂ" ಎಂದು, ನಾನು ಎಮ್ಮೆ ಕೇಕು ಕೇಳಿದ್ದನ್ನು ಉರ್ದುವಿನಲ್ಲಿ ಹೇಳಿ ಜೋರಾಗಿ ನಕ್ಕ. ಆಮೇಲೆ ನನಗೆ, "ಗೊಂಬಿ ಮಾಡ್ತೀವ್ರಿ, ಕಾರ್ ಮಾಡ್ತೀವ್ರಿ. ಎಮ್ಮಿ ಯಾರೂ ಕೇಳಿಲ್ರಿ ಇಲ್ಲೀತನಕ" ಅಂದ. ಗೊಂಬೆಯೇ ಸಾಕು ಎಂದು ಮನೆಯಲ್ಲಿ ಹೇಳಬಹುದಿತ್ತು. ಆದರೆ ಆ ಹುಡುಗಿ ನನ್ನನ್ನು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು. ನಾನೇ ಮಾಡುತ್ತೇನೆ ಅಂದುಕೊಂಡೆ.

ಫಾಂಡೆಂಟ್ ಎಂದರೆ ಕೇಕಿನ ಮೇಲೆ ಹೊದಿಸಲು, ಗೊಂಬೆ ಮಾಡಲು ಬಳಸುವ ಸಕ್ಕರೆಯ ಕಣಕ. ಮೊಬೈಲಿನಲ್ಲಿ ಒಬ್ಬಾಕೆ ಮಾಡುವುದನ್ನು ನೋಡಿ ಕಲಿತೆ. ಹಾಲಿನ ಪುಡಿ, ಜರಡಿ ಹಿಡಿದ ಸಕ್ಕರೆ ಪುಡಿ, ಡಬ್ಬಿಯ ಗಟ್ಟಿ ಹಾಲು. ಇಷ್ಟನ್ನೂ ಕಲಸಿ ನಾದಬೇಕು. ಆಕೆಯ ಅಡುಗೆಮನೆ ತಂಪಾಗಿದ್ದಿರಬೇಕು. ನಮ್ಮಲ್ಲಿ ಮೇ ತಿಂಗಳು, ನಾದಿದಷ್ಟೂ ಅಂಟಂಟು. ಸಕ್ಕರೆ ಹೆಚ್ಚಿಸಿದರೆ ಬಿರುಕು ಬಿಡುತ್ತಿತ್ತು. ಕಡೆಗೆ ಹುಟ್ಟುಹಬ್ಬದ ದಿನ ನಸುಕಿನಲ್ಲೇ ಎದ್ದು, ಕೂಲರ್ ಮುಂದೆ ನೆಲದ ಮೇಲೆ ಕೂತು ನಾದಿದೆ. ಮಗಳೂ ಎದ್ದು ಬಂದು ಪಕ್ಕದಲ್ಲಿ ಕೂತಳು. ಕಪ್ಪು ಬಣ್ಣ ಎಷ್ಟು ಹಾಕಿದರೂ ಬೂದುಬೂದಾಗಿಯೇ ಉಳಿಯಿತು. ಕೋಕೋ ಪುಡಿ ಬೆರೆಸಿದ ಮೇಲೆ ಎಮ್ಮೆಯ ಮೈಬಣ್ಣ ಬಂತು.

"ಹಿಂಗೇ ಅದ," ಎಂದು ಅವಳು ಅದನ್ನು ಬೆರಳಿನಿಂದ ಒತ್ತಿ ನೋಡಿದಳು. "ಆದ್ರ ನಮ್ಮ ಎಮ್ಮಿ ಹೊಟ್ಟಿ ಇನ್ನೂ ದೊಡ್ಡದು."

ಹೊಟ್ಟೆ ದೊಡ್ಡದು ಮಾಡಿದೆ. ನಾನು ನೋಡದ ಎಮ್ಮೆಯನ್ನು ಅವಳು ಹೇಳಿದಂತೆಲ್ಲ ತಿದ್ದಿದೆ. ಮೊಟ್ಟೆಯಿಲ್ಲದ ಕೇಕಿನ ಮೇಲೆ ಹಸಿರು ಹೊದಿಕೆ ಹೊದಿಸಿ, ಎಮ್ಮೆಯನ್ನು ನಾಲ್ಕು ಕಾಲಿನ ಮೇಲೆ ನಿಲ್ಲಿಸಿದಾಗ ಅವಳು ಒಳಗೆ ಓಡಿದಳು. ಅಪ್ಪನನ್ನು ಎಬ್ಬಿಸಿ ಕರೆತಂದು ತೋರಿಸಿದಳು.

ಕಮಲಾಪುರಕ್ಕೆಂದು ಹುಮನಾಬಾದ್ ರಸ್ತೆ ಹಿಡಿದು ಹೊರಟಾಗ ಬಿಸಿಲು ಏರಿತ್ತು. ಕಾರಿನ ಎ.ಸಿ. ಹೆಸರಿಗಷ್ಟೇ ಇತ್ತು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಹಂಪ್ ಬಂದಾಗಲೆಲ್ಲ ಗಂಡ ಗಾಡಿ ನಿಧಾನ ಮಾಡುತ್ತಿದ್ದರು, ನಾನು ಉಸಿರು ಹಿಡಿಯುತ್ತಿದ್ದೆ. ಅರ್ಧ ದಾರಿಯಲ್ಲಿ ಮುಚ್ಚಳ ಎತ್ತಿ ನೋಡಿದೆ. ಎಮ್ಮೆಯ ಮೈ ಬೆವತಿತ್ತು. ಮತ್ತೆ ಎತ್ತಿ ನೋಡುವ ಧೈರ್ಯವಾಗಲಿಲ್ಲ.

ಆಯಿ ಬಾಗಿಲಲ್ಲೇ ನಿಂತಿದ್ದರು. ಮೊಮ್ಮಗಳನ್ನು ಅಪ್ಪಿಕೊಂಡರು. ನನಗೆ, "ಬರ್ರಿ, ಒಳಗ ಬರ್ರಿ. ಕೈಕಾಲು ತೊಳ್ಕೋರಿ" ಅಂದರು. ಅಡುಗೆಮನೆಯಿಂದ ಹೋಳಿಗೆಯ ಘಮ ಬರುತ್ತಿತ್ತು. ಗೋಡೆಯ ಮೇಲೆ ಅವರ ಮಗಳ ಫೋಟೋ. ನನಗಿಂತ ಚಿಕ್ಕ ವಯಸ್ಸಿನ ಮುಖ. ನಗು ತಡೆಯುತ್ತಿರುವ ಹಾಗೆ ತುಟಿ. ಈ ಮನೆಗೆ ಕೇಕಿನ ಡಬ್ಬಿ ಹಿಡಿದುಕೊಂಡು ಬಂದದ್ದೇ ತಪ್ಪಾಯಿತೇನೋ ಅನ್ನಿಸಿತು.

"ಆಯಿ, ಇಲ್ಲಿ ನೋಡು, ಏನು ಮಾಡೀವಿ ನೋಡು!" ಎಂದು ಮಗಳು ನಾನು ತಡೆಯುವಷ್ಟರಲ್ಲಿ ಮುಚ್ಚಳ ತೆಗೆದಳು.

ಮುಂಗಾಲು ಎರಡೂ ಮಡಚಿ ಎಮ್ಮೆ ಮುಗ್ಗರಿಸಿತ್ತು. ಒಂದು ಹಿಂಗಾಲು ಮುರಿದು ಪಕ್ಕಕ್ಕೆ ಬಿದ್ದಿತ್ತು. ಒಂದು ಕೋಡು ಕೇಕಿನೊಳಗೆ ನೆಟ್ಟಿತ್ತು.

"ಅದಕ್ಕ ಏನಾಗ್ಯದ?" ಮಗಳು ಸಣ್ಣ ದನಿಯಲ್ಲಿ ಕೇಳಿದಳು. ಕೇಳಿದ್ದು ನನ್ನನ್ನು. ಉತ್ತರ ಕೊಡಲು ಬಾಯಿ ತೆರೆದರೆ ಕಣ್ಣಲ್ಲಿ ನೀರು ಬಂತು.

ಆಯಿ ಬಗ್ಗಿ ನೋಡಿದರು. ಹಣೆಯ ಚುಕ್ಕೆ ನೋಡಿದರು, ಬಾಗಿದ ಕೋಡು ನೋಡಿದರು. "ಏನಾಗ್ಯದ? ಬಿಸಿಲಿಗೆ ಸಾಕಾಗಿ ಕೂತದ. ನಮ್ಮ ಎಮ್ಮಿನೂ ಹಿತ್ತಲದಾಗ ಕೂತದ ನೋಡು ಹೋಗು" ಅಂದರು. ಆಮೇಲೆ ನನ್ನ ಮುಖ ಕಂಡು, "ಏ ತಂಗಿ, ಅಳ್ಳಿಕತ್ತೀ ಏನು? ಹುಚ್ಚಿ. ಕಣ್ಣು ಒರಸ್ಕೋ. ಕೊಡು ಇಲ್ಲಿ" ಎಂದರು.

'ರೀ' ಬಿದ್ದುಹೋದದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ. ನನಗಂತೂ ಅಳು ಇನ್ನಷ್ಟು ಬಂತು.

ಉಳಿದ ಫಾಂಡೆಂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದೆ. ಮೂವರೂ ಪಡಸಾಲೆಯಲ್ಲಿ ಕೂತೆವು. ಎಮ್ಮೆಯನ್ನು ಮಲಗಿಸಿಯೇ ಮಾಡುವುದೆಂದು ತೀರ್ಮಾನವಾಯಿತು. ಆಯಿ ಒಂದು ಕಾಲು ಮಾಡಲು ಹೋದರು. ಕೈಯ ಬಿಸಿಗೆ ಅದು ಉದ್ದುದ್ದ ಎಳೆದುಕೊಂಡಿತು.

"ಆಯಿ, ಅದು ಹಾವು!" ಎಂದು ಮಗಳು ನಕ್ಕಳು.

"ಹಾವಿರಲಿ, ಎಮ್ಮಿ ಬಾಲ ಆಗ್ತದ," ಎಂದು ಅದನ್ನೇ ಹಿಂದೆ ಅಂಟಿಸಿದರು.

ಅಂಟದಂತೆ ಕೈಗೆ ಹಚ್ಚಿಕೊಳ್ಳಲು ಕಾರ್ನ್ ಫ್ಲೋರ್ ತಂದಿರಲಿಲ್ಲ. ಆಯಿ ರೊಟ್ಟಿ ಬಡಿಯುವ ಜೋಳದ ಹಿಟ್ಟು ತಂದಿಟ್ಟರು. ಅದರಲ್ಲಿ ಹೊರಳಿಸಿದ ಎಮ್ಮೆ ಧೂಳಿನಿಂದ ಎದ್ದು ಬಂದ ಹಾಗೆ ಕಂಡಿತು. ಮೊದಲಿಗಿಂತ ಎಮ್ಮೆಯಂತೆಯೇ ಆಯಿತು. ನಾನು ಮುಖ ತಿದ್ದುತ್ತಿದ್ದಾಗ ಆಯಿ ಕೈ ನಿಲ್ಲಿಸಿ ನೋಡುತ್ತಾ ಕೂತರು.

"ಹಿತ್ತಲದಾಗಿನ ಎಮ್ಮಿ ಕರು ಇದ್ದಾಗ ಇದರ ತಾಯಿ ಹತ್ರ ಬಿಟ್ಕೊಳ್ಳಲಿಲ್ಲ," ಎಂದರು. "ನನ್ನ ಮಗಳು ಬಾಣಂತನಕ್ಕ ಬಂದಿದ್ಲು ಆಗ. ಒಂದು ಮಗ್ಗಲಕ ಕೂಸು, ಒಂದು ಮಗ್ಗಲಕ ಕರು. ಬಾಟ್ಲಿಲೇ ಹಾಲು ಕುಡಸ್ತಿದ್ಲು. ಬೈದ್ರ, 'ಅವ್ವಾ, ಇದಕ್ಕೂ ಯಾರರ ಬೇಕಲ್ಲ' ಅಂತಿದ್ಲು."

ಮಗಳು, "ನಾ ಎಷ್ಟು ಸಣ್ಣಕಿದ್ದೆ ಆಯಿ?" ಎಂದು ಕೇಳಿದಳು. ಆಯಿ ಎರಡು ಕೈ ಚಾಚಿ ಅಳತೆ ತೋರಿಸಿದರು. ಆಮೇಲೆ ಇನ್ನಷ್ಟು ಹೇಳಿದರು. ತಮ್ಮ ಮಗಳ ಹಟ, ಅವಳ ಜಡೆ, ಸಾರಿಗೆ ಉಪ್ಪು ಮರೆಯುತ್ತಿದ್ದದ್ದು. ಗಂಡ ಬಾಗಿಲ ಹತ್ತಿರ ಬಂದವರು ಒಳಗೆ ಬಾರದೆ ಅಲ್ಲೇ ನಿಂತು ಕೇಳಿದರು.

ಆರತಿ ಆಯಿತು. ಕೇಕು ಕತ್ತರಿಸಿದೆವು. ಆಯಿ ಒಂದು ತುಣುಕು ಬಾಯಿಗಿಟ್ಟುಕೊಂಡು, "ಕೆಳಗಿಂದು ಛಲೋ ಅದ. ಮ್ಯಾಲಿಂದು ಭಾಳ ಸೀ ಆಗ್ಯದ ತಂಗಿ" ಎಂದು ನೇರವಾಗಿಯೇ ಹೇಳಿದರು. ಎಮ್ಮೆಗೆ ಮಾತ್ರ ಚಾಕು ತಾಗಿಸಲು ಮಗಳು ಬಿಡಲಿಲ್ಲ. ತಟ್ಟೆಯಲ್ಲಿಟ್ಟುಕೊಂಡು ಹಿತ್ತಲಿಗೆ ಓಡಿದಳು. ನಾವು ಹಿಂದೆ ಹೋಗುವಷ್ಟರಲ್ಲಿ ನಿಜವಾದ ಎಮ್ಮೆ ನಾಲಗೆ ಚಾಚಿ ಸಕ್ಕರೆ ಎಮ್ಮೆಯನ್ನು ಒಂದೇ ಸಲಕ್ಕೆ ಬಾಯಿಗೆ ಹಾಕಿಕೊಂಡಿತ್ತು. ಮಗಳು ಅಳುತ್ತಾಳೆಂದು ನಾನು ಹೆದರಿದೆ. ಅವಳು ಬಿಕ್ಕಳಿಕೆ ಬರುವವರೆಗೆ ನಕ್ಕಳು.

ಇಳಿಹೊತ್ತಿನಲ್ಲಿ ಹೊರಡಲು ಎದ್ದೆವು. ಮಗಳು ರಜೆಗೆ ಅಲ್ಲೇ ಉಳಿಯುವವಳಿದ್ದಳು. ಆಯಿ ನನ್ನತ್ತ ಕೈ ತೋರಿಸಿ ಗಂಡನಿಗೆ, "ನೀವು ಹೋಗ್ರಿ. ಇಕಿ ನಾಲ್ಕು ದಿನ ಇರ್ತಾಳ. ಕಾಲೇಜ್ ರಜಾ ಅದಲ್ಲ" ಅಂದರು. ನನ್ನನ್ನು ಕೇಳಲೇ ಇಲ್ಲ. ಉಟ್ಟ ಬಟ್ಟೆಯಲ್ಲೇ ಬಂದಿದ್ದೇನೆ ಎಂದೆ.

ಆಯಿ ಒಳಗೆ ಹೋಗಿ ಅಲಮಾರಿ ತೆಗೆದು ಒಂದು ಹತ್ತಿ ಸೀರೆ, ಬ್ಲೌಸ್ ತಂದುಕೊಟ್ಟರು. ಗೋಡೆಯ ಫೋಟೋದಲ್ಲಿ ಅವರ ಮಗಳು ಉಟ್ಟದ್ದು ಅದೇ ಸೀರೆ. ಬ್ಲೌಸಿನ ತೋಳು ನನಗೆ ಬಿಗಿಯಾಯಿತು. ಆಯಿ ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಕೂತು, ಸೂಜಿಯಿಂದ ಒಂದೊಂದೇ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟರು.